ವಕೀಲರಿಲ್ಲದೆ ಬರುವವರಿಗೂ ಕೋರ್ಟು ದಾರಿ ಹೇಳಲಿ: ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯ ನ್ಯಾಯಮೂರ್ತಿಗಳು, ಕರ್ನಾಟಕ ಹೈಕೋರ್ಟ್, ಬೆಂಗಳೂರು
ಮಾನ್ಯ ಅಧ್ಯಕ್ಷರು, ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ

ಮಾನ್ಯರೇ,

ನನ್ನ ಕೋರಿಕೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ತಮ್ಮ ಕೇಸನ್ನು ತಾವೇ ನಡೆಸಿಕೊಳ್ಳಲು ಬರುವವರಿಗೆ, ಒಬ್ಬ ವಕೀಲರ ಗುಮಾಸ್ತನಿಗೆ ಗೊತ್ತಿರುವಷ್ಟು ವಿಷಯವನ್ನು ಕೋರ್ಟೇ ಹೇಳಿಕೊಡಲಿ. ಕನ್ನಡದಲ್ಲಿ ಹೇಳಿಕೊಡಲಿ. ಕೇಸು ಗೆಲ್ಲುವ ಉಪಾಯವನ್ನು ಯಾರೂ ಕೇಳುತ್ತಿಲ್ಲ. ಯಾವ ಕಾಗದ ಕೊಡಬೇಕು, ಎಷ್ಟು ಪ್ರತಿ ಬೇಕು, ಎಷ್ಟು ದಿನದ ಒಳಗೆ ಕೊಡಬೇಕು, ಯಾವ ಕೌಂಟರಿಗೆ ಹೋಗಬೇಕು, ಇಷ್ಟು ಗೊತ್ತಾದರೆ ಸಾಕು. ಇದರ ಜೊತೆಗೆ, ಕಿವಿ ಕೇಳದ, ಓದು ಬರದ, ವಯಸ್ಸಾದ ಪಕ್ಷಗಾರರ ಪರವಾಗಿ ಮನೆಯವರೊಬ್ಬರು ಮಾತಾಡಲು ಸಿವಿಲ್ ಕೋರ್ಟಿನಲ್ಲಿ ಒಂದು ಸುಲಭದ ದಾರಿ ಮಾಡಿಕೊಡಿ. ತೆರಿಗೆ ನ್ಯಾಯಮಂಡಳಿಯಲ್ಲಿ ಕನ್ನಡದ ಕಾಗದಕ್ಕೆ ಜಾಗ ಕೊಡಿ.

ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ, ಕೋರ್ಟಿನ ಎದುರಿಗೇ, ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ವಕೀಲರು ಬರೆದುಕೊಟ್ಟ ದಾವಾ, ಅಫಿಡವಿಟ್, ಮೆಮೊ ಟೈಪ್ ಮಾಡುವುದು ನನ್ನ ಕೆಲಸ. ಆದರೆ ಕೋರ್ಟಿನ ಬಾಗಿಲಲ್ಲಿ ಏನೂ ತೋಚದೆ ನಿಂತವರು ಮೊದಲು ಬರುವುದು ನಮ್ಮಂಥ ಅಂಗಡಿಗೇ. ಕೈಯಲ್ಲಿ ಒಂದು ಸಮನ್ಸ್ ಹಿಡಿದು, 'ಅಕ್ಕಾ, ಇದೇನು ಅಂತ ಸ್ವಲ್ಪ ಓದಿ ಹೇಳಿ' ಅನ್ನುತ್ತಾರೆ. ಆ ಒಂದು ಮಾತಿನಿಂದಲೇ ಈ ಪತ್ರ ಬರೆಯಬೇಕು ಅನಿಸಿದ್ದು. ನಮ್ಮ ತಂದೆಯ ಎರಡು ಕೇಸುಗಳನ್ನು ವಕೀಲರಿಲ್ಲದೆ ನಾವೇ ನಡೆಸಿದ ಅನುಭವವೂ ಇದೆ. ಒಂದು ಸಿವಿಲ್ ಕೋರ್ಟಿನಲ್ಲಿ, ಇನ್ನೊಂದು ತೆರಿಗೆ ನ್ಯಾಯಮಂಡಳಿಯಲ್ಲಿ.

ಕಾನೂನಿನಲ್ಲಿ ಇದಕ್ಕೆ ಅಡ್ಡಿ ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 3, ನಿಯಮ 1ರಲ್ಲಿ ಪಕ್ಷಗಾರ ಖುದ್ದಾಗಿ ಹಾಜರಾಗಬಹುದು ಅನ್ನುವುದೇ ಮೊದಲು ಬರುತ್ತದೆ. ಅಧಿಕಾರ ಪಡೆದ ಏಜೆಂಟರು, ವಕೀಲರು ಅದರ ನಂತರ. ಕೋರ್ಟಿನ ಭಾಷೆಯಲ್ಲಿ ಹೀಗೆ ಬರುವವರಿಗೆ ಪಾರ್ಟಿ ಇನ್ ಪರ್ಸನ್ ಅನ್ನುತ್ತಾರೆ. ಸುಪ್ರೀಂ ಕೋರ್ಟಿನ ತನಕವೂ ಆ ಹಕ್ಕು ಇದೆ. ಅಲ್ಲಿಯ 2013ರ ನಿಯಮಗಳ ಪ್ರಕಾರ ತಾನೇ ವಾದಿಸಲು ಬಯಸುವವರು ಕಾರಣ ಕೊಟ್ಟು ಅರ್ಜಿ ಹಾಕಬೇಕು. ರಿಜಿಸ್ಟ್ರಾರ್ ಅವರ ಜೊತೆ ಮಾತಾಡಿ, ಇವರು ಕೋರ್ಟಿಗೆ ನೆರವಾಗುವ ಹಾಗೆ ವಾದ ಮಾಡಬಲ್ಲರೋ ಇಲ್ಲವೋ ಅಂತ ಅಭಿಪ್ರಾಯ ಕೊಡುತ್ತಾರೆ. ಹಲವು ಹೈಕೋರ್ಟುಗಳೂ ಇದೇ ಬಗೆಯ ನಿಯಮ ಮಾಡಿಕೊಂಡಿವೆ. ಕೋರ್ಟಿನ ಸಮಯ ಉಳಿಯಬೇಕು, ಅದು ನನಗೂ ಅರ್ಥವಾಗುತ್ತದೆ. ಆದರೆ ಬಂದವರಿಗೆ ಬರುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುವ ವ್ಯವಸ್ಥೆ ಇದೆ, ಬಾರದಿದ್ದರೆ ಕಲಿಸುವ ವ್ಯವಸ್ಥೆ ಎಲ್ಲಿದೆ? ಕೆಳಗಿನ ಕೋರ್ಟುಗಳಲ್ಲಂತೂ ಎರಡೂ ಕಾಣುವುದಿಲ್ಲ.

ಜನ ಎಲ್ಲಿ ಎಡವುತ್ತಾರೆ ಅಂತ ನಾನು ದಿನಾ ನೋಡುತ್ತೇನೆ. ಸಮನ್ಸ್ ಬಂದವರು ವಾಯಿದೆಯ ದಿನ ಕೋರ್ಟಿಗೆ ಹೋಗಿ, ಹೆಸರು ಕೂಗಿದಾಗ ಕೈ ಎತ್ತಿ, 'ಅವರು ಹೇಳಿದ್ದು ಸುಳ್ಳು ಸ್ವಾಮಿ' ಅಂದು ಬಂದರೆ ಉತ್ತರ ಕೊಟ್ಟ ಹಾಗಾಯಿತು ಅಂದುಕೊಳ್ಳುತ್ತಾರೆ. ಲಿಖಿತ ಉತ್ತರ ಅಂತ ಒಂದನ್ನು 30 ದಿನದಲ್ಲಿ ಕೊಡಬೇಕು, ಕೋರ್ಟು ಕಾರಣ ಒಪ್ಪಿದರೆ 90 ದಿನದ ತನಕ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಎದುರಿನವರ ಒಂದೊಂದು ಪ್ಯಾರಾಕ್ಕೂ ಇದು ನಿಜ, ಇದು ಸುಳ್ಳು ಅಂತ ಬಿಡಿಸಿ ಬರೆಯಬೇಕು, ಅಲ್ಲಗಳೆಯದೆ ಬಿಟ್ಟದ್ದನ್ನು ಒಪ್ಪಿಕೊಂಡ ಹಾಗೆ ತೆಗೆದುಕೊಳ್ಳಬಹುದು ಅನ್ನುವುದೂ ಗೊತ್ತಿರುವುದಿಲ್ಲ. ಎರಡು ವಾಯಿದೆ ತಪ್ಪಿಸಿದವರು ಮೂರನೆಯ ಸಲ ಬರುವಾಗ ಏಕಪಕ್ಷೀಯ, ಅಂದರೆ ಅವರಿಲ್ಲದೆಯೇ ಕೇಸು ನಡೆಯಲಿ, ಅಂತ ಆದೇಶ ಆಗಿರುತ್ತದೆ. ಅದನ್ನು ತೆಗೆಸಲು ಸಿಪಿಸಿಯ ಆದೇಶ 9, ನಿಯಮ 7 ಇದೆ. ಡಿಕ್ರಿಯೇ, ಅಂದರೆ ಕೊನೆಯ ತೀರ್ಮಾನವೇ, ಆಗಿಹೋಗಿದ್ದರೆ ನಿಯಮ 13 ಇದೆ. ಸರಿಯಾದ ಕಾರಣ ಇದ್ದರೆ ಕೋರ್ಟು ಒಪ್ಪುತ್ತದೆ. ಆದರೆ ಅಂಥದ್ದೊಂದು ಅರ್ಜಿ ಇದೆ ಅಂತ ಹೇಳುವವರು ಬೇಕಲ್ಲ?

ಇನ್ನು ದಾಖಲೆಗಳ ವಿಷಯ. ಸಾಲದ ಬಗ್ಗೆ ವಾಟ್ಸ್ಆಪ್‌ನಲ್ಲಿ ನಡೆದ ಮಾತುಕತೆಯ ಪ್ರಿಂಟ್ ತೆಗೆದುಕೊಡಿ ಅಂತ ಬರುತ್ತಾರೆ. ಸುಮ್ನೆ ಪ್ರಿಂಟ್ ಕೊಟ್ಟರೆ ನಡೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಒಂದು ಸರ್ಟಿಫಿಕೇಟ್ ಬೇಕು. ಹಿಂದೆ ಇದೇ ಸರ್ಟಿಫಿಕೇಟನ್ನು 65ಬಿ ಅನ್ನುತ್ತಿದ್ದರು, ವಕೀಲರು ಈಗಲೂ ಹಾಗೇ ಅನ್ನುತ್ತಾರೆ. ಇನ್ನೊಬ್ಬರು ಕಡಿಮೆ ಬೆಲೆಯ ಛಾಪಾ ಕಾಗದದ ಮೇಲೆ ಬರೆಸಿದ ಕರಾರು ಪತ್ರ ತರುತ್ತಾರೆ. ಅದನ್ನು ಕೋರ್ಟಿಗೆ ಕೊಟ್ಟ ಕೂಡಲೇ ಅದು ಜಪ್ತಿ ಆಗುತ್ತದೆ. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆ ಪ್ರಕಾರ ಕೊರತೆ ಬಿದ್ದ ಸುಂಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಿದರೆ ಮಾತ್ರ ಅದು ಸಾಕ್ಷ್ಯವಾಗಿ ಒಳಗೆ ಬರುತ್ತದೆ. ಐವತ್ತು ಸಾವಿರದ ಕೇಸಿಗೆ ಬಂದವರು ಆ ದಂಡದ ಮೊತ್ತ ಕೇಳಿ ಕೇಸೇ ಬೇಡ ಅಂತ ಎದ್ದು ಹೋಗಿದ್ದನ್ನು ನೋಡಿದ್ದೇನೆ. ಮೊದಲೇ ಗೊತ್ತಿದ್ದರೆ ಬೇರೆ ಯಾವ ಸಾಕ್ಷ್ಯ ಇದೆ ಅಂತ ಹುಡುಕುತ್ತಿದ್ದರು.

ಇದೆಲ್ಲಕ್ಕಿಂತ ಜಾಸ್ತಿ ಸುಸ್ತು ಮಾಡುವುದು ಆಫೀಸ್ ಅಬ್ಜೆಕ್ಷನ್. ದಾವಾ ಕೊಟ್ಟ ಮೇಲೆ ಕಚೇರಿ ಅದನ್ನು ನೋಡಿ ಏನೇನು ಕೊರತೆ ಇದೆ ಅಂತ ಹೇಳುತ್ತದೆ. ಹೇಳಲೇಬೇಕು, ಅದು ಅವರ ಕೆಲಸ. ಆದರೆ ಒಂದು ಸಲ ಹೋದರೆ ದಾಖಲೆಗಳ ಪಟ್ಟಿ ಇಲ್ಲ ಅನ್ನುತ್ತಾರೆ. ಅದನ್ನು ಮಾಡಿಕೊಂಡು ಹೋದರೆ ದೃಢೀಕರಣದ ಅಫಿಡವಿಟ್ ಇಲ್ಲ. ಅದಾದ ಮೇಲೆ ಪ್ರೊಸೆಸ್ ಫೀ (ಸಮನ್ಸ್ ಕಳಿಸುವ ಶುಲ್ಕ) ಕಟ್ಟಿಲ್ಲ. ಅದಾದ ಮೇಲೆ ಪ್ರತಿವಾದಿಗೆ ಕಳಿಸಲು ಇನ್ನೊಂದು ಪ್ರತಿ ಬೇಕು. ಎಲ್ಲವನ್ನೂ ಒಂದೇ ಚೀಟಿಯಲ್ಲಿ ಒಂದೇ ದಿನ ಬರೆದುಕೊಟ್ಟರೆ ಒಂದು ಬಸ್ ಪ್ರಯಾಣದಲ್ಲಿ ಮುಗಿಯುತ್ತದೆ. ಗುಮಾಸ್ತರು ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಒಂದೊಂದು ಕೊರತೆಯೂ ಒಂದೊಂದು ದಿನದ ಕೂಲಿ.

ಈಗ ನಮ್ಮ ತಂದೆಯ ವಿಷಯ. ನಮ್ಮದು ಅಡಿಕೆ ತೋಟ. ಒಬ್ಬ ವ್ಯಾಪಾರಿಗೆ ಅಡಿಕೆ ಕೊಟ್ಟೆವು. ಸ್ವಲ್ಪ ಹಣ ಬಂತು, 1,80,000 ರೂಪಾಯಿ ಬಾಕಿ ಉಳಿಯಿತು. ನಮ್ಮ ಹತ್ತಿರ ಇದ್ದದ್ದು ಅವರೇ ಬರೆದುಕೊಟ್ಟ ಚೀಟಿ. ಕಾರ್ಬನ್ ಇಟ್ಟು ಬರೆದ ತೆಳು ಹಳದಿ ಕಾಗದ. ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು ಅಂತ ಅಡಿಕೆಯ ಒಂದೊಂದು ಬಗೆಯ ತೂಕ, ಪಕ್ಕದಲ್ಲಿ ದರ, ಕೆಳಗೆ ಕೊಟ್ಟ ಹಣ ಕಳೆದು ಬಾಕಿ, ಅದರ ಕೆಳಗೆ ಸಹಿ. ಮಾರಿದ ಸರಕಿನ ಹಣಕ್ಕೆ ಮೂರು ವರ್ಷದ ಒಳಗೆ ದಾವಾ ಹಾಕಬೇಕು. ವ್ಯಾಪಾರಿ ಮುಂದಿನ ಸುಗ್ಗಿಗೆ ಕೊಡ್ತೀನಿ, ಮುಂದಿನ ಸುಗ್ಗಿಗೆ ಕೊಡ್ತೀನಿ ಅನ್ನುತ್ತಾ ಆ ಅವಧಿಯ ಅಂಚಿಗೆ ತಂದರು. ಬಾಕಿಯ ಮೊತ್ತ ಚಿಕ್ಕದು, ಕಾಗದ ಸ್ಪಷ್ಟ ಇತ್ತು. ನಾವೇ ನಡೆಸೋಣ ಅಂತ ತೀರ್ಮಾನ ಮಾಡಿದೆವು. ತಂದೆ ವಾದಿ, ನಾನು ಅವರ ಜಿಪಿಎ (ಅವರ ಪರ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಪಡೆದ ಮಗಳು.

ತಂದೆಗೆ ಕಿವಿ ಮಂದ. ಕೋರ್ಟ್ ಹಾಲಿನಲ್ಲಿ ಫ್ಯಾನಿನ ಸದ್ದು, ಹೊರಗಿನ ಗಲಾಟೆ, ನ್ಯಾಯಾಧೀಶರು ಮೆಲ್ಲಗೆ ಮಾತಾಡುತ್ತಿದ್ದರು. ಅವರು ಕೇಳಿದ್ದು ತಂದೆಗೆ ಕೇಳಿಸಲಿಲ್ಲ. ನಾನು ಎದ್ದು ಉತ್ತರ ಹೇಳಲು ಹೋದೆ. 'ನೀವು ವಕೀಲರಾ?' ಅಂತ ಕೇಳಿದರು. ಜಿಪಿಎ ಇದೆ ಅಂದೆ. 'ಜಿಪಿಎ ಇದ್ದರೆ ಅರ್ಜಿ ಕೊಡಬಹುದು, ಹಾಜರಿ ಹಾಕಬಹುದು. ವಾದ ಮಾಡುವ ಹಾಗಿಲ್ಲ, ಕೂತ್ಕೊಳ್ಳಿ' ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಕಾನೂನು ಇರುವುದೇ ಹಾಗೆ. 1999ರಲ್ಲಿ ಟಿ.ಸಿ. ಮಥಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ: ಅಧಿಕಾರ ಪತ್ರ ಇದ್ದ ಮಾತ್ರಕ್ಕೆ ಒಬ್ಬರು ಇನ್ನೊಬ್ಬರ ಪರ ವಾದಿಸುವಂತಿಲ್ಲ, ಕೋರ್ಟಿನ ಅನುಮತಿ ಬೇಕು. ಅಂದರೆ ತೋಟದ ಲೆಕ್ಕ ಬರೆದಿಟ್ಟವಳು ನಾನು, ದಾವಾ ಟೈಪ್ ಮಾಡಿದವಳು ನಾನು, ತಂದೆಯ ಕಿವಿಯಲ್ಲಿ ಕೂಗಿ ಹೇಳಬಲ್ಲವಳೂ ನಾನೇ. ಆದರೂ ಬಾಯಿ ಬಿಡುವ ಹಾಗಿಲ್ಲ.

ಅನುಮತಿ ಬೇಕು ಅಂದರೆ ಕೇಳುವುದು ಹೇಗೆ? ಅದು ಇರುವುದು ಸಿಪಿಸಿಯಲ್ಲಿ ಅಲ್ಲ, 1961ರ ವಕೀಲರ ಕಾಯ್ದೆಯಲ್ಲಿ. ಅದರ 32ನೇ ಕಲಂ ಪ್ರಕಾರ ಯಾವ ಕೋರ್ಟು ಬೇಕಾದರೂ, ವಕೀಲರಲ್ಲದ ಒಬ್ಬರಿಗೆ, ಒಂದು ನಿರ್ದಿಷ್ಟ ಪ್ರಕರಣದ ಮಟ್ಟಿಗೆ ಹಾಜರಾಗಲು ಅನುಮತಿ ಕೊಡಬಹುದು. 1978ರಲ್ಲೇ ಹರಿಶಂಕರ್ ರಸ್ತೋಗಿ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇಂಥ ಅನುಮತಿಯ ಬಗ್ಗೆ ಬಿಡಿಸಿ ಬರೆದಿದ್ದಾರೆ. ಹೊರಗಿನವರಿಗೆ ವಾದಿಸುವ ಹಕ್ಕಿಲ್ಲ, ಆದರೆ ಕೋರ್ಟು ಅವರ ಹಿನ್ನೆಲೆ ನೋಡಿ ಒಪ್ಪಬಹುದು, ದುರುಪಯೋಗ ಕಂಡರೆ ಮಧ್ಯದಲ್ಲೇ ವಾಪಸ್ ಪಡೆಯಬಹುದು. ನಾನು ಕೋರ್ಟಿನ ಎದುರೇ ಕೂರುವವಳು, ನಾಲ್ಕು ಜನ ವಕೀಲರು ಪರಿಚಯ. ಅವರಲ್ಲಿ ಒಬ್ಬರು ಈ ಕಲಂ ತೋರಿಸಿದರು. ಅರ್ಜಿ ಹಾಕಿದೆ, ತಂದೆಯ ಕಿವಿಯ ಬಗ್ಗೆ ವೈದ್ಯರ ಪತ್ರ ಇಟ್ಟೆ, ಅನುಮತಿ ಸಿಕ್ಕಿತು. ಗುಡ್ಡದ ಮೇಲಿನ ಊರಿನಿಂದ ಬಂದ ಒಬ್ಬ ಮುದುಕನಿಗೆ, ಅವರ ಮಗನಿಗೆ ಈ ಕಲಂ ಯಾರು ತೋರಿಸುತ್ತಾರೆ?

ಅನುಮತಿ ಸಿಕ್ಕ ಮೇಲೂ ಸುಲಭ ಇರಲಿಲ್ಲ. ತಂದೆಗೆ ಗೊತ್ತಿರುವ ವಿಷಯಕ್ಕೆ ತಂದೆಯೇ ಸಾಕ್ಷಿ ಹೇಳಬೇಕು, ಅವರ ಬದಲು ಜಿಪಿಎದಾರರು ಹೇಳುವ ಹಾಗಿಲ್ಲ. ಇದನ್ನು ಸುಪ್ರೀಂ ಕೋರ್ಟ್ ಜಾನಕಿ ಭೋಜ್ವಾನಿ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಮುಖ್ಯ ವಿಚಾರಣೆ ಅಫಿಡವಿಟ್ ರೂಪದಲ್ಲಿ ಹೋಗುತ್ತದೆ. ಆಮೇಲೆ ಸಾಕ್ಷಿ ಕಟಕಟೆಯಲ್ಲಿ ನಿಂತು ಒಂದೊಂದು ದಾಖಲೆಯನ್ನು ಗುರುತು ಮಾಡಿಸಬೇಕು. ನಮ್ಮ ಹಳದಿ ಚೀಟಿ ನಿಶಾನೆ ಪಿ-1 ಆಯಿತು. ನಂತರ ಪಾಟೀ ಸವಾಲು. ವ್ಯಾಪಾರಿಯನ್ನು ನಾನು ಪ್ರಶ್ನೆ ಮಾಡಬೇಕು. ಸಾಮಾನ್ಯ ಜನ ಇಲ್ಲಿ ಪ್ರಶ್ನೆ ಕೇಳುವ ಬದಲು ತಮ್ಮ ಕಥೆ ಹೇಳಲು ಶುರು ಮಾಡುತ್ತಾರೆ, ನ್ಯಾಯಾಧೀಶರು ಎಷ್ಟೋ ಸಲ ತಡೆಯಬೇಕಾಗುತ್ತದೆ. ನಾನು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಈ ಸಹಿ ನಿಮ್ಮದೇ? ಈ ತೂಕ ಬರೆದದ್ದು ನೀವೇ? ಇದರ ಪ್ರಕಾರ ಬಾಕಿ ಎಷ್ಟು? ಬಾಕಿ ಕೊಟ್ಟಿದ್ದಕ್ಕೆ ರಸೀದಿ ಇದೆಯೇ? ಅಷ್ಟೇ. ಸಹಿ ತಮ್ಮದು ಅಂತ ಒಪ್ಪಿದರು. ಮುಂದಿನ ಲೋಕ್ ಅದಾಲತ್‌ನಲ್ಲಿ ರಾಜಿಗೆ ಬಂದರು. ಅಸಲು ಬಂತು, ಬಡ್ಡಿ ಬಿಟ್ಟೆವು, ಕಟ್ಟಿದ್ದ ಕೋರ್ಟ್ ಶುಲ್ಕ ವಾಪಸ್ ಆಯಿತು.

ಆ ತೋಟದ ಅಡಿಕೆಯೇ ನಮ್ಮನ್ನು ತೆರಿಗೆ ನ್ಯಾಯಮಂಡಳಿಗೂ ಕರೆದುಕೊಂಡು ಹೋಯಿತು. 2016ರ ನವೆಂಬರ್ 8ರಂದು 500, 1000ದ ನೋಟು ರದ್ದಾದಾಗ ಮನೆಯಲ್ಲಿದ್ದ ಅಡಿಕೆ ಮಾರಿದ ಹಣ 5,60,000 ರೂಪಾಯಿಯನ್ನು ತಂದೆ ಬ್ಯಾಂಕಿಗೆ ಕಟ್ಟಿದರು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಅದು ಕೃಷಿ ಆದಾಯ ಅಂತ ತೋರಿಸಬೇಕು. ನೋಟಿಸ್ ಬಂದದ್ದು ಇಮೇಲ್‌ಗೆ. ಆ ಇಮೇಲ್ ಯಾವತ್ತೋ ಪ್ಯಾನ್ ಕಾರ್ಡ್ ಮಾಡಿಸುವಾಗ ಮಾಡಿಕೊಟ್ಟವರು ಹಾಕಿದ್ದು, ತಂದೆಯದಲ್ಲ. ಉತ್ತರ ಹೋಗಲಿಲ್ಲ. ಇಡೀ ಮೊತ್ತ ಮೂಲ ಗೊತ್ತಿಲ್ಲದ ಹಣ ಅಂತ ಆಯಿತು. ಅಂಥ ಹಣಕ್ಕೆ ಆ ವರ್ಷ ಶೇ. 60 ತೆರಿಗೆ, ಅದರ ಮೇಲೆ ಸರ್ಚಾರ್ಜ್, ಸೆಸ್ ಸೇರಿ ಶೇ. 77.25. ಹತ್ತಿರ ಹತ್ತಿರ 4,33,000 ರೂಪಾಯಿ, ಬಡ್ಡಿ ಬೇರೆ. ಮೊದಲ ಮೇಲ್ಮನವಿಗೆ 1,000 ರೂಪಾಯಿ ಕಟ್ಟಿದೆವು. ಅದರ ವಿಚಾರಣೆಯ ನೋಟಿಸ್ ಕೂಡ ಅದೇ ಹಳೆಯ ಇಮೇಲ್‌ಗೆ ಹೋಗಿ, ಯಾರೂ ಬಂದಿಲ್ಲ ಅಂತ ವಜಾ ಆಯಿತು.

ಅಲ್ಲಿಂದ ತಮ್ಮ ನ್ಯಾಯಮಂಡಳಿಗೆ ಬಂದೆವು. ಅಧ್ಯಕ್ಷರೇ, ಈ ಭಾಗವನ್ನು ಕೃತಜ್ಞತೆಯಿಂದಲೇ ಬರೆಯುತ್ತಿದ್ದೇನೆ. 1941ರ ಜನವರಿ 25ರಂದು ಶುರುವಾದ ಈ ಸಂಸ್ಥೆಯ ಧ್ಯೇಯವಾಕ್ಯದಲ್ಲಿ ನಿಷ್ಪಕ್ಷ, ಸತ್ವರ ಅನ್ನುವುದರ ಜೊತೆಗೆ ಸುಲಭ ಅನ್ನುವುದೂ ಇದೆ. ನಮ್ಮ ಪಾಲಿಗೆ ಅದು ಬಹಳ ಮಟ್ಟಿಗೆ ನಿಜ ಆಯಿತು. ಮೇಲ್ಮನವಿಯ ಶುಲ್ಕ ನಿಗದಿ ಮಾಡಿದ ಆದಾಯದ ಶೇ. 1, ಎಷ್ಟೇ ದೊಡ್ಡ ಕೇಸಾದರೂ 10,000 ರೂಪಾಯಿಗಿಂತ ಜಾಸ್ತಿ ಇಲ್ಲ. ನಮಗೆ ಆರು ಸಾವಿರದ ಒಳಗೆ ಮುಗಿಯಿತು. 50 ಲಕ್ಷದ ಒಳಗಿನ ಆದಾಯದ ಕೇಸನ್ನು ಒಬ್ಬರೇ ಸದಸ್ಯರ ಪೀಠ ಕೇಳಬಹುದು. ವಿಡಿಯೋ ಮೂಲಕ ವಿಚಾರಣೆಗೆ ಅವಕಾಶ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕೇಸಿಗೆ ಅನ್ವಯಿಸಿದ 1961ರ ಆದಾಯ ತೆರಿಗೆ ಕಾಯ್ದೆಯ 288ನೇ ಕಲಂ ತೆರಿಗೆದಾರನ ಪರವಾಗಿ ಯಾರು ಬರಬಹುದು ಅಂತ ಹೇಳುವಾಗ, ವಕೀಲರು, ಚಾರ್ಟರ್ಡ್ ಅಕೌಂಟೆಂಟರ ಜೊತೆಗೆ ಅವರ ಸಂಬಂಧಿಕರನ್ನೂ ಸೇರಿಸಿದೆ. ತಂದೆ ಸಹಿ ಮಾಡಿದ ಒಂದು ಅಧಿಕಾರ ಪತ್ರ ಸಾಕಾಯಿತು. ನಾನೇ ಮಾತಾಡಿದೆ. ಯಾರೂ ಕೂತ್ಕೊಳ್ಳಿ ಅನ್ನಲಿಲ್ಲ. ಇಮೇಲ್ ವಿಷಯ ಹೇಳಿದೆ, ಪಹಣಿ, ಅಡಿಕೆ ಚೀಟಿಗಳು ಇವೆ ಅಂದೆ. ಇಲಾಖೆಯ ಪ್ರತಿನಿಧಿ ತಮ್ಮ ಮಾತು ಹೇಳಿದರು. ದಾಖಲೆ ನೋಡಿ ಹೊಸದಾಗಿ ತೀರ್ಮಾನ ಮಾಡಿ ಅಂತ ಕೇಸು ಅಧಿಕಾರಿಯ ಬಳಿಗೆ ವಾಪಸ್ ಹೋಯಿತು.

ಈಗ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಅದೇ ತಂದೆ, ಅದೇ ಮಗಳು, ಅದೇ ಅಡಿಕೆ ಚೀಟಿ. ನಾಲ್ಕು ಲಕ್ಷದ ತೆರಿಗೆ ಕೇಸಿನಲ್ಲಿ, ಕಾನೂನಿನ ಸಿಕ್ಕು ಜಾಸ್ತಿ ಇರುವ ಕಡೆ, ಮಗಳು ಮಾತಾಡಬಹುದು. ಜಿಎಸ್‌ಟಿ ಕಾನೂನಿನ 116ನೇ ಕಲಂ ಕೂಡ ಸಂಬಂಧಿಕರನ್ನು ಬಿಡುತ್ತದೆ. ಆದರೆ ಬಾಕಿ ಹಣ ಕೇಳುವ ಸರಳ ದಾವಾದಲ್ಲಿ ಕೋರ್ಟಿನ ವಿಶೇಷ ಅನುಮತಿ ಇಲ್ಲದೆ ಸಾಧ್ಯವಿಲ್ಲ. ತೆರಿಗೆ ನ್ಯಾಯಮಂಡಳಿಗಳು ಇದರಿಂದ ಕೆಟ್ಟು ಹೋಗಿಲ್ಲ. ಹಾಗಿದ್ದ ಮೇಲೆ ಸಿವಿಲ್ ಕೋರ್ಟಿಗೆ ಯಾಕೆ ಹೆದರಿಕೆ?

ಮುಖ್ಯ ನ್ಯಾಯಮೂರ್ತಿಗಳೇ, ಇದಕ್ಕೆ ಸಂಸತ್ತು ಹೊಸ ಕಾನೂನು ಮಾಡಬೇಕಾಗಿಲ್ಲ. 32ನೇ ಕಲಂ ಈಗಾಗಲೇ ಇದೆ. ಅದರ ಅರ್ಜಿಗೆ ಕನ್ನಡದಲ್ಲಿ ಒಂದು ಪುಟದ ನಮೂನೆ ಮಾಡಿಸಿ, ಪ್ರತಿ ತಾಲ್ಲೂಕು ಕೋರ್ಟಿನ ಫೈಲಿಂಗ್ ಕೌಂಟರಿನಲ್ಲಿ ಇಡಿಸಿ. ಅರ್ಜಿದಾರರು ಸಂಬಂಧಿಕರು, ಇದಕ್ಕೆ ಹಣ ತೆಗೆದುಕೊಳ್ಳುತ್ತಿಲ್ಲ, ಬೇರೆ ಯಾರ ಕೇಸಿನಲ್ಲೂ ಹೀಗೆ ಬಂದಿಲ್ಲ ಅಂತ ಪ್ರಮಾಣ ಮಾಡಲಿ. ದಲ್ಲಾಳಿಗಳು ಒಳಗೆ ನುಸುಳಬಾರದು ಅನ್ನುವ ಕಾಳಜಿ ನನಗೂ ಇದೆ, ಅವರನ್ನು ನಿಮಗಿಂತ ಹತ್ತಿರದಿಂದ ನೋಡುವವಳು ನಾನು. ವಾದ ಮಾಡಲು ಬಿಡುವುದು ಬೇಡ ಅನಿಸಿದರೆ, ಕನಿಷ್ಠ ಪಕ್ಕದಲ್ಲಿ ಕೂರಲು ಬಿಡಿ. ಇಂಗ್ಲೆಂಡಿನಲ್ಲಿ 1970ರ ಮೆಕೆಂಜಿ ಪ್ರಕರಣದ ನಂತರ ಖುದ್ದಾಗಿ ಕೇಸು ನಡೆಸುವವರ ಪಕ್ಕದಲ್ಲಿ ಒಬ್ಬ ಸ್ನೇಹಿತರು ಕೂತು, ಟಿಪ್ಪಣಿ ಮಾಡಿಕೊಂಡು, ಕಾಗದ ಎತ್ತಿಕೊಟ್ಟು, ಮೆಲ್ಲಗೆ ಕಿವಿಯಲ್ಲಿ ಹೇಳಬಹುದು. ಅವರಿಗೆ ಮೆಕೆಂಜಿ ಫ್ರೆಂಡ್ ಅಂತಲೇ ಹೆಸರು. ನಮ್ಮ ತಂದೆಗೆ ಮೊದಲ ದಿನ ಬೇಕಾಗಿದ್ದದ್ದು ಅಷ್ಟೇ.

ಮಾಹಿತಿಗೂ ಹೊಸ ಕಟ್ಟಡ ಬೇಡ. ಎಷ್ಟೋ ಕೋರ್ಟುಗಳಲ್ಲಿ ಇ-ಸೇವಾ ಕೇಂದ್ರ ಇದೆ. ಕೇಸಿನ ಸ್ಥಿತಿ ಹೇಳುವುದು, ಇ-ಫೈಲಿಂಗ್‌ಗೆ ಸಹಾಯ ಮಾಡುವುದು ಅಲ್ಲಿ ನಡೆಯುತ್ತದೆ. ಅಲ್ಲೇ ಹಣದ ದಾವಾ, ತಡೆಯಾಜ್ಞೆಯ ದಾವಾ, ಬಾಡಿಗೆ ವ್ಯಾಜ್ಯ, ಹೀಗೆ ಸಾಮಾನ್ಯವಾಗಿ ಬರುವ ಬಗೆಗಳಿಗೆ ಒಂದೊಂದು ಕನ್ನಡದ ಹಾಳೆ ಇಡಬಹುದು. ದಾವಾದ ಜೊತೆ ಏನೇನು ಇರಬೇಕು, ಲಿಖಿತ ಉತ್ತರ ಯಾವಾಗ, ಏಕಪಕ್ಷೀಯ ಆದರೆ ಯಾವ ಅರ್ಜಿ, ನಕಲು ಅರ್ಜಿ ಹಾಕುವುದು ಹೇಗೆ, ಡಿಕ್ರಿ ಆದ ಮೇಲೆ ಜಿಲ್ಲಾ ಕೋರ್ಟಿಗೆ ಮೇಲ್ಮನವಿಗೆ 30 ದಿನ ಅನ್ನುವುದೆಲ್ಲ ಅದರಲ್ಲಿರಲಿ. ಸಮನ್ಸ್ ಹಿಂಬದಿಯಲ್ಲೇ ನಾಲ್ಕು ಸಾಲು ಅಚ್ಚು ಹಾಕಿಸಿದರೆ ಇನ್ನೂ ಒಳ್ಳೆಯದು. 'ಹಾಜರಾದರೆ ಸಾಲದು, ಲಿಖಿತ ಉತ್ತರ ಕೊಡಬೇಕು. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ' ಅಂತ. ಆಫೀಸ್ ಅಬ್ಜೆಕ್ಷನ್ ಎಲ್ಲವನ್ನೂ ಒಂದೇ ಸಲ ಬರಹದಲ್ಲಿ ಕೊಡಬೇಕು ಅಂತ ತಮ್ಮಿಂದ ಒಂದು ಸುತ್ತೋಲೆ ಹೊರಟರೆ, ಅದೊಂದರಿಂದಲೇ ಸಾವಿರಾರು ಜನರ ಅಲೆದಾಟ ತಪ್ಪುತ್ತದೆ.

ಈ ಪತ್ರ ವಕೀಲರ ವಿರುದ್ಧ ಅಂತ ಯಾರೂ ಓದಬಾರದು. ನನ್ನ ಅನ್ನ ಅವರಿಂದ ನಡೆಯುತ್ತದೆ, ನನಗೆ 32ನೇ ಕಲಂ ತೋರಿಸಿದವರೂ ವಕೀಲರೇ. ಪಾಲಿನ ದಾವಾ, ಮಾಲೀಕತ್ವದ ದಾವಾ, ಕೆಟ್ಟ ಕ್ರಯಪತ್ರ, ಇಂಥದ್ದನ್ನು ಹಿಡಿದು ಬಂದವರಿಗೆ ವಕೀಲರ ಹತ್ತಿರ ಹೋಗಿ ಅಂತಲೇ ಹೇಳುತ್ತೇನೆ. ಹಣ ಇಲ್ಲ ಅಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತದೆ. ಎಷ್ಟೋ ಹೆಂಗಸರಿಗೆ ಇದೇ ಗೊತ್ತಿಲ್ಲ. ಆದರೆ ಬಾಕಿ ಮೊತ್ತಕ್ಕಿಂತ ಖರ್ಚೇ ಜಾಸ್ತಿ ಆಗುವ ಸಣ್ಣ ವ್ಯಾಜ್ಯಗಳು ಬಹಳ ಇವೆ. ಅಂಥವರು ತಾವೇ ಬರುತ್ತಾರೆ, ಅಥವಾ ಹಣ ಹೋದರೆ ಹೋಗಲಿ ಅಂತ ಮನೆಯಲ್ಲೇ ಕೂರುತ್ತಾರೆ. ಮನೆಯಲ್ಲೇ ಕೂತವರ ಲೆಕ್ಕ ಯಾವ ಕೋರ್ಟಿನ ಅಂಕಿಅಂಶದಲ್ಲೂ ಬರುವುದಿಲ್ಲ.

ಅಧ್ಯಕ್ಷರೇ, ತಮ್ಮಲ್ಲಿ ಉಳಿದಿರುವ ಒಂದೇ ಮಾತು ಭಾಷೆಯದು. ನ್ಯಾಯಮಂಡಳಿಯ ನಿಯಮದ ಪ್ರಕಾರ ಭಾಷೆ ಇಂಗ್ಲಿಷ್, ಬೇಕಿದ್ದರೆ ಹಿಂದಿಯಲ್ಲೂ ಕಾಗದ ಕೊಡಬಹುದು. ನಮ್ಮ ಪಹಣಿ ಇರುವುದು ಕನ್ನಡದಲ್ಲಿ. ಎಪಿಎಂಸಿ ಚೀಟಿ, ಸೊಸೈಟಿಯ ಲೆಕ್ಕದ ಪುಸ್ತಕ, ಗ್ರಾಮ ಪಂಚಾಯಿತಿ ರಸೀದಿ, ಎಲ್ಲವೂ ಕನ್ನಡದಲ್ಲಿ. ತನ್ನ ಹಣ ಕೃಷಿಯದು ಅಂತ ತೋರಿಸಬೇಕಾದ ರೈತನ ಒಂದೊಂದು ಸಾಕ್ಷ್ಯವೂ ಕನ್ನಡದಲ್ಲೇ ಇರುತ್ತದೆ. ಅದನ್ನು ಇಂಗ್ಲಿಷ್‌ಗೆ ಮಾಡಿಸಲು ಜನ ನನ್ನ ಅಂಗಡಿಗೆ ಬರುತ್ತಾರೆ. ಖರಾಬು, ಬಾಗಾಯ್ತು, ತರಿ, ಖುಷ್ಕಿ ಅನ್ನುವ ಜಮೀನಿನ ಬಗೆಗಳನ್ನೆಲ್ಲ ಇಂಗ್ಲಿಷಿನಲ್ಲಿ ಸರಿಯಾಗಿ ಬರೆಯುವವರು ಕಡಿಮೆ. ತಪ್ಪಾಗಿ ಬರೆದರೆ ತೋಟ ಒಣಭೂಮಿ ಆಗಿಬಿಡುತ್ತದೆ, ಒಣಭೂಮಿಯಲ್ಲಿ ಅಷ್ಟು ಅಡಿಕೆ ಹೇಗೆ ಬಂತು ಅನ್ನುವ ಪ್ರಶ್ನೆ ಏಳುತ್ತದೆ. ಸರ್ಕಾರವೇ ಕೊಟ್ಟ ಕನ್ನಡದ ದಾಖಲೆಯನ್ನು ಹಾಗೇ ತೆಗೆದುಕೊಂಡು, ಬೇಕಾದ ಕಡೆ ನ್ಯಾಯಮಂಡಳಿಯೇ ಅನುವಾದ ಮಾಡಿಸಿಕೊಳ್ಳುವ ಏರ್ಪಾಡು ಬರಲಿ. ಬೆಂಗಳೂರಿನಲ್ಲಿ ಪೀಠಗಳಿವೆ, ಕನ್ನಡ ಬಲ್ಲ ಸಿಬ್ಬಂದಿಗೆ ಅಲ್ಲಿ ಬರ ಇರಲಾರದು. ಬೆಳಗಾವಿ ಕಡೆಯ ಮೇಲ್ಮನವಿಗಳು ಪಣಜಿ ಪೀಠಕ್ಕೆ ಹೋಗುತ್ತವೆ, ಅಲ್ಲಿಗೂ ಇದು ಬೇಕು.

2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ. ಕಲಂಗಳ ಸಂಖ್ಯೆ ಬದಲಾಗುವಾಗ ಹಳೆಯದನ್ನು ಕಷ್ಟಪಟ್ಟು ಕಲಿತವರೂ ಮತ್ತೆ ಮೊದಲಿನಿಂದ ಕಲಿಯಬೇಕು. ಮೇಲ್ಮನವಿ ಹಾಕುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ತರಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ತಡವಾಗಿ ಬಂದವರು ಏನು ಮಾಡಬೇಕು ಅನ್ನುವುದು ಅದರಲ್ಲಿ ದೊಡ್ಡ ಅಕ್ಷರದಲ್ಲಿರಲಿ. ವಿಳಂಬ ಮನ್ನಾ ಅರ್ಜಿ, ಅದರ ಜೊತೆ ಕಾರಣ ಹೇಳುವ ಅಫಿಡವಿಟ್. ತಡ ಮಾಡಿ ಮೇಲ್ಮನವಿ ಹಾಕುವುದರಿಂದ ಸಾಮಾನ್ಯವಾಗಿ ಪಕ್ಷಗಾರನಿಗೆ ಯಾವ ಲಾಭವೂ ಇಲ್ಲ, ಆದ್ದರಿಂದ ಉದಾರವಾಗಿ ನೋಡಬೇಕು ಅಂತ 1987ರಲ್ಲಿ ಕಾತಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇವತ್ತಿಗೂ ಇಂಥವರ ಕೈ ಹಿಡಿಯುತ್ತಿದೆ.

32ನೇ ಕಲಂ ಅರ್ಜಿಯ ಕನ್ನಡ ನಮೂನೆಯನ್ನು ನಾನು ನನ್ನ ಅನುಭವದಿಂದ ಟೈಪ್ ಮಾಡಿ ಇಟ್ಟಿದ್ದೇನೆ. ನಮ್ಮ ಊರಿನ ಇಬ್ಬರು ವಕೀಲರು ಅದನ್ನು ಓದಿ ತಿದ್ದಿಕೊಟ್ಟಿದ್ದಾರೆ. ಹಣದ ದಾವಾದ ಪರಿಶೀಲನಾ ಪಟ್ಟಿಯೂ ಇದೆ. ಎರಡನ್ನೂ ಈ ಪತ್ರದ ಜೊತೆ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ, ಸಾಲದಿದ್ದರೆ ಸೇರಿಸಿ, ಬೇಸಿಗೆ ರಜೆ ಮುಗಿದು ಕೋರ್ಟು ತೆರೆಯುವ ಹೊತ್ತಿಗೆ ತಾಲ್ಲೂಕು ಕೋರ್ಟುಗಳ ಕೌಂಟರಿನಲ್ಲಿ ಸಿಗುವ ಹಾಗೆ ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಕೋರ್ಟ್ ಎದುರಿನ ಟೈಪಿಂಗ್ ಅಂಗಡಿಯವಳು